ಬೋ ಥ್ರಸ್ಟರ್ ಕೊಳ್ಳುವ ಮೊದಲು ಕೇಬಲ್ ಅಳೆಯಿರಿ

ನೆದರ್ಲ್ಯಾಂಡ್ಸ್‌ಗೆ ಬಂದ ನಮ್ಮವರಲ್ಲಿ ಕೆಲವರಿಗೆ ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಬೋಟಿನ ಹುಚ್ಚು ಹಿಡಿಯುತ್ತದೆ. ತಪ್ಪೇನಿಲ್ಲ, ನನಗೂ ಹಿಡಿದಿದೆ. 15 ಮೀಟರಿಗಿಂತ ಚಿಕ್ಕದಾಗಿದ್ದು, ಗಂಟೆಗೆ 20 ಕಿಲೋಮೀಟರಿಗಿಂತ ಜೋರಾಗಿ ಓಡದ ಬೋಟಾದರೆ ಇಲ್ಲಿ ಲೈಸೆನ್ಸೂ ಬೇಡ. ಹಾಗಾಗಿ ಹಳೆಯ ಸ್ಟೀಲ್ ಕ್ರೂಸರ್ ಒಂದನ್ನು ಕೊಂಡು, ಆಮ್‌ಸ್ಟೆಲ್‌ವೇನ್‌ಗೆ ಹತ್ತಿರ ಅಂತ ಆಲ್ಸ್‌ಮೇರ್‌ನ ಕೆರೆಯ ಬದಿ ಕಟ್ಟಿಹಾಕುತ್ತಾರೆ. ಮೊದಲ ಗಾಳಿ ದಿನ ಎರಡು ಮರದ ಕಂಬಗಳ ನಡುವೆ ಒಳಗೆ ತರಲು ಹೋದಾಗ, ಬೋಟಿನ ಮೂತಿ ಸೀದಾ ಪಕ್ಕದವರ ಬೋಟಿಗೆ. ಅವತ್ತೇ ರಾತ್ರಿ ನನಗೆ ಫೋನು: 'ಅಣ್ಣ, ಯಾವ ಥ್ರಸ್ಟರ್ ಹಾಕಿಸ್ಲಿ?'

ಬೋ ಥ್ರಸ್ಟರ್ ಅಂದರೆ ದೊಡ್ಡ ವಿದ್ಯೆ ಏನಲ್ಲ. ಮೂತಿಯ ಹತ್ತಿರ, ನೀರಿನ ಕೆಳಗೆ, ಬೋಟಿನ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಅಡ್ಡಲಾಗಿ ಒಂದು ಪೈಪ್ ಇರುತ್ತದೆ. ಅದರೊಳಗೆ ಒಂದು ಪುಟ್ಟ ಪ್ರೊಪೆಲ್ಲರ್, ಮೇಲೊಂದು ಕರೆಂಟ್ ಮೋಟಾರ್. ಗುಂಡಿ ಒತ್ತಿದರೆ ಮೂತಿ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಹಿಂಬದಿಗೆ ಹಾಕಿದರೆ ಅದೇ ಸ್ಟರ್ನ್ ಥ್ರಸ್ಟರ್.

1. ಗಾಳಿಯನ್ನು ಲೆಕ್ಕ ಹಾಕಿ, ಉದ್ದವನ್ನಲ್ಲ

'10ರಿಂದ 12 ಮೀಟರ್ ಬೋಟಿಗೆ ಇದು' ಅಂತ ಡಬ್ಬದ ಮೇಲೆ ಬರೆದಿರುವುದನ್ನು ನಂಬಬೇಡಿ. ತಳ್ಳಬೇಕಾಗಿರುವುದು ಗಾಳಿಯನ್ನು, ಗಾಳಿ ನೋಡುವುದು ಬೋಟಿನ ಮಗ್ಗುಲನ್ನು. ಎದುರು ದಡದಿಂದ ಬೋಟಿನ ಮಗ್ಗುಲ ಫೋಟೊ ತೆಗೆಯಿರಿ. ಪ್ರಿಂಟ್ ಮಾಡಿ ಮೇಲೆ ಚೌಕ ಗೆರೆ ಎಳೆದು ನೀರಿನ ಮೇಲಿರುವ ಭಾಗ ಎಷ್ಟು ಚದರ ಮೀಟರ್ ಅಂತ ಎಣಿಸಿ. ಕ್ಯಾನ್ವಾಸ್ ಹುಡ್ ಎಬ್ಬಿಸಿಟ್ಟೇ ಎಣಿಸಿ. ಎಲ್ಲರೂ ಮರೆಯುವುದು ಅದನ್ನೇ, ಗಾಳಿ ಮೊದಲು ಹಿಡಿಯುವುದೂ ಅದನ್ನೇ.

ಗಾಳಿಯ ಜೋರನ್ನು ಅಳೆಯುವ ಬೋಫರ್ಟ್ ಮಾಪಕದಲ್ಲಿ 5ರ ಗಾಳಿ ಹೆಚ್ಚೆಂದರೆ ಸೆಕೆಂಡಿಗೆ 10.7 ಮೀಟರ್ ಬೀಸುತ್ತದೆ. ಆಗ ಒಂದು ಚದರ ಮೀಟರಿಗೆ ಸುಮಾರು 7 ಕೆಜಿ ಒತ್ತಡ. ಬೋಟು ಚಪ್ಪಟೆ ಗೋಡೆಯಲ್ಲವಲ್ಲ, ಅದಕ್ಕೆ ಮುಕ್ಕಾಲು ಪಾಲು ಹಿಡಿಯಿರಿ. 11 ಮೀಟರ್ ಬೋಟು, 16 ಚದರ ಮೀಟರ್ ಮಗ್ಗುಲು ಅಂದರೆ ಒಟ್ಟು 84 ಕೆಜಿ ಹತ್ತಿರ. ಇದು ಬೋಟಿನ ನಡುವಿಗೆ ಬೀಳುವ ಬಲ. ಥ್ರಸ್ಟರ್ ಇರುವುದು ಮೂತಿಯಲ್ಲಿ, ಬೋಟು ತಿರುಗುವುದು ಹಿಂಬದಿಯನ್ನು ಹಿಡಿದುಕೊಂಡು. ಸನ್ನೆಕೋಲಿನ ಲಾಭದಿಂದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಾಕು: 47 ಕೆಜಿ. ಅಂದರೆ ಅಂಗಡಿಯಲ್ಲಿ 55 ಕೆಜಿಯದು ಕೇಳಿ (ಇದು ತಳ್ಳುವ ಬಲ, ಥ್ರಸ್ಟರಿನ ತೂಕವಲ್ಲ). 'ಇರ್ಲಿ' ಅಂತ 95ಕ್ಕೆ ಹೋಗಬೇಡಿ, ಮೋಟಾರ್ ದೊಡ್ಡದಾದಷ್ಟೂ ಮುಂದೆ ಹೇಳುವ ತಲೆನೋವೂ ದೊಡ್ಡದಾಗುತ್ತದೆ.

2. ಪೈಪ್ ಎಲ್ಲಿ

ಆದಷ್ಟು ಮುಂದೆ, ಆದಷ್ಟು ಆಳಕ್ಕೆ. ಪೈಪಿನ ಮೇಲಂಚು ನೀರಿನ ಮಟ್ಟದಿಂದ ಕನಿಷ್ಠ ಪೈಪಿನ ಅರ್ಧ ವ್ಯಾಸದಷ್ಟಾದರೂ ಕೆಳಗಿರಬೇಕು, ಇಲ್ಲದಿದ್ದರೆ ಪ್ರೊಪೆಲ್ಲರ್ ಗಾಳಿ ಎಳೆದು ಬರೀ ಬುಡುಬುಡು ಅನ್ನುತ್ತದೆ. ಪೈಪಿನ ಬಾಯಿಯ ಅಂಚನ್ನು ವ್ಯಾಸದ ಹತ್ತನೇ ಒಂದರಷ್ಟು ದುಂಡಗೆ ಮಾಡಿಸಿ. ವೆಲ್ಡ್ ಮಾಡುವವರು 'ಏನೂ ಬೇಕಾಗಿಲ್ಲ' ಅನ್ನುತ್ತಾರೆ, ಬಿಡಬೇಡಿ. ಚೂಪು ಅಂಚು ಬಿಟ್ಟರೆ ಬಲವೂ ಕಡಿಮೆ, ಸದ್ದೂ ಜಾಸ್ತಿ.

3. ಕರೆಂಟ್: ಎಲ್ಲರೂ ಕೆಡಿಸುವುದು ಇಲ್ಲೇ

ಗೆಳೆಯನೊಬ್ಬನ ಬೋಟಿನಲ್ಲಿ ನಡೆದದ್ದು. 55 ಕೆಜಿಯ ಥ್ರಸ್ಟರ್, 12 ವೋಲ್ಟಿನದು, ಹೊಸದು. ಗುಂಡಿ ಒತ್ತಿದರೆ ಮೊದಲು ಗುಂಯ್ ಅಂತು. ಆಮೇಲೆ ಸದ್ದು ಸೊರಗಿತು, ಕ್ಯಾಬಿನ್ನಿನ ದೀಪ ಮಂಕಾಯಿತು, ಮೂತಿ ಮಾತ್ರ ಇದ್ದಲ್ಲೇ ಇತ್ತು. 'ಅಣ್ಣ, 75ರದ್ದೇ ಹಾಕಿಸ್ಬೇಕಿತ್ತು ಅಲ್ವಾ?' ಅಂದ. ನಾನು ಮುಂದಿನ ಮಂಚದ ಹಲಗೆ ಎತ್ತಿ, ಮೋಟಾರಿನ ಎರಡು ಬೋಲ್ಟಿಗೆ ಮಲ್ಟಿಮೀಟರ್ ಹಿಡಿದು, ಇನ್ನೊಮ್ಮೆ ಒತ್ತು ಅಂದೆ. 8.9 ವೋಲ್ಟ್.

ಎಲ್ಲಿ ಹೋಯಿತು ಉಳಿದದ್ದು? ಬ್ಯಾಟರಿಗಳು ಹಿಂದೆ, ಎಂಜಿನ್ ಪಕ್ಕ. ಹೋಗೋಕೆ 9 ಮೀಟರ್, ಬರೋಕೆ 9 ಮೀಟರ್, ಒಟ್ಟು 18 ಮೀಟರ್ ಕೇಬಲ್, ಅದೂ 35 ಸ್ಕ್ವೇರ್ ಎಂಎಂ. ಈ ಗಾತ್ರದ ಮೋಟಾರ್ ಸುಮಾರು 300 ಆಂಪಿಯರ್ ಎಳೆಯುತ್ತದೆ. ಅಷ್ಟು ಎಳೆದಾಗ ಆ ಕೇಬಲ್ಲೊಂದೇ 2.7 ವೋಲ್ಟ್ ತಿಂದುಬಿಡುತ್ತದೆ. ಹೊರೆ ಬಿದ್ದಾಗ ಬ್ಯಾಟರಿಯೇ 11.6ಕ್ಕೆ ಇಳಿದಿತ್ತು, ಕಳೆದು ನೋಡಿ. ತಯಾರಕರು ಹೇಳುವ ಕೆಜಿ ಲೆಕ್ಕ ಸಾಮಾನ್ಯವಾಗಿ ಮೋಟಾರಿನ ಬಾಯಲ್ಲಿ 10.5 ವೋಲ್ಟ್ ಇದ್ದಾಗಿನದು. ಅದು 8.9 ಆದರೆ ಹೆಚ್ಚುಕಡಿಮೆ ಕಾಲು ಭಾಗ ಬಲ ಮಾಯ. ಅವನು 75ರದ್ದು ಹಾಕಿಸಿದ್ದರೆ ಅದು ಇನ್ನೂ ಜಾಸ್ತಿ ಆಂಪಿಯರ್ ಎಳೆದು, ಕೇಬಲ್ ಇನ್ನೂ ಜಾಸ್ತಿ ತಿಂದು, ದುಡ್ಡು ನೀರಿಗೆ.

ದಾರಿ ಎರಡೇ. ಒಂದು, ಹಿಂದಿನಿಂದಲೇ 95 ಸ್ಕ್ವೇರ್ ಎಂಎಂ ಕೇಬಲ್ ಎಳೆಸುವುದು. ಆಗ ನಷ್ಟ 1 ವೋಲ್ಟ್ ಅಷ್ಟೇ. ಆದರೆ ಹೆಬ್ಬಾವಿನಂಥ ಈ ಕೇಬಲ್ಲನ್ನು ಅಡುಗೆ ಕಪಾಟು, ಟಾಯ್ಲೆಟ್ ಹಿಂದೆಲ್ಲ ಬಗ್ಗಿಸಿ ತರಬೇಕು. ಎರಡು, ಥ್ರಸ್ಟರಿನ ಪಕ್ಕದಲ್ಲೇ ಅದಕ್ಕಂತಲೇ ಒಂದು ಬ್ಯಾಟರಿ. ಮಲಗುವ ಜಾಗದ ಕೆಳಗೆ ಬರುವುದರಿಂದ ಎಜಿಎಂ, ಅಂದರೆ ಆ್ಯಸಿಡ್ ಚೆಲ್ಲದ ಮುಚ್ಚಿದ ಬ್ಯಾಟರಿ ಆಗಿರಲಿ, ಆ್ಯಸಿಡ್ ತುಂಬುವ ಬ್ಯಾಟರಿ ಬೇಡ. ಒಂದೂವರೆ ಮೀಟರ್ ದೂರಕ್ಕೆ 50 ಸ್ಕ್ವೇರ್ ಎಂಎಂ ಸಾಕು. ನಾನು ಯಾವತ್ತೂ ಹೇಳುವುದು ಎರಡನೆಯದನ್ನೇ.

ಆದರೆ ಆ ಮುಂದಿನ ಬ್ಯಾಟರಿಗೆ ಚಾರ್ಜ್ ಬೇಕಲ್ಲ? ಇಲ್ಲಿ ಶಾರ್ಟ್‌ಕಟ್ ಹುಡುಕುವವರು ಒಂದು ಸಣ್ಣ ವೈರ್ ಎಳೆದು ಎಂಜಿನ್ ಬ್ಯಾಟರಿಗೆ ಸುಮ್ನೆ ಜೋಡಿಸಿಬಿಡುತ್ತಾರೆ. ಗುಂಡಿ ಒತ್ತಿದಾಗ ಮೋಟಾರ್ ಎರಡೂ ಬ್ಯಾಟರಿಯಿಂದ ಎಳೆಯುತ್ತದೆ, ಸಣ್ಣ ವೈರ್ ಬಿಸಿಯಾಗುತ್ತದೆ. ಫ್ಯೂಸ್ ಇದ್ದರೆ ಫ್ಯೂಸ್ ಹೋಯಿತು, ಇಲ್ಲದಿದ್ದರೆ ಮಂಚದ ಕೆಳಗೆ ಹೊಗೆ. ನಡುವೆ ಒಂದು ಡಿಸಿ-ಡಿಸಿ ಚಾರ್ಜರ್ (ಒಂದು ಬ್ಯಾಟರಿಯಿಂದ ಇನ್ನೊಂದನ್ನು ಹದವಾಗಿ ಚಾರ್ಜ್ ಮಾಡುವ ಡಬ್ಬ) ಹಾಕಿ, ಆ ವೈರಿನ ಎರಡೂ ತುದಿಗೆ ಫ್ಯೂಸ್ ಹಾಕಿ. ದಪ್ಪ ಕೇಬಲ್ಲಿಗೂ ಬ್ಯಾಟರಿ ಹತ್ತಿರವೇ ನಿಧಾನಕ್ಕೆ ಹಾರುವ ಫ್ಯೂಸ್ ಒಂದು, ಕೈಗೆ ಸಿಗುವ ಮೇನ್ ಸ್ವಿಚ್ ಒಂದು.

ಇನ್ನೊಂದು ಮೋಸ: ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಬರುವ ಕೇಬಲ್. ಹೊರಗೆ ತಾಮ್ರದ ಬಣ್ಣ, ಒಳಗೆ ಅಲ್ಯೂಮಿನಿಯಂ. ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ, ಬೆಳ್ಳಗೆ ಕಂಡರೆ ವಾಪಸ್ ಕಳಿಸಿ. ತವರ ಹಚ್ಚಿದ ತಾಮ್ರದ ಕೇಬಲ್ಲೂ ಬೆಳ್ಳಗೇ ಇರುತ್ತದೆ, ಆದರೆ ಅದರಲ್ಲಿ ಬಿಳಿ ಹೊರಗೆ, ಕೆರೆದರೆ ಒಳಗೆ ಕೆಂಪು.

ಪೆಟ್ರೋಲ್ ಎಂಜಿನ್ ಇರುವವರು ಇಷ್ಟನ್ನಂತೂ ಓದಲೇಬೇಕು. ಸಾಮಾನ್ಯ ಮೋಟಾರಿನ ಬ್ರಷ್ ಕಿಡಿ ಹಾರಿಸುತ್ತದೆ, ಪೆಟ್ರೋಲ್ ಆವಿ ಹೊತ್ತಿಕೊಳ್ಳಲು ಅಷ್ಟೇ ಸಾಕು. 'ಇಗ್ನಿಷನ್ ಪ್ರೊಟೆಕ್ಟೆಡ್' ಅಂತ ಬರೆದಿರುವುದನ್ನೇ ಕೊಳ್ಳಿ. ಇದರಲ್ಲಿ ಚೌಕಾಸಿ ಬೇಡ.

4. ಹಿಂದೊಂದು ಬೇಕಾ?

ನನ್ನ ಕೇಳಿದರೆ ಬೇಡ. ಚುಕ್ಕಾಣಿ ಪೂರ್ತಿ ತಿರುಗಿಸಿ ಎಂಜಿನ್ನಿಗೆ ಒಂದು ಸಣ್ಣ ಏಟು ಮುಂದಕ್ಕೆ ಕೊಟ್ಟರೆ ಹಿಂಬದಿ ತಾನಾಗಿ ಸರಿಯುತ್ತದೆ. ಗಂಗೊಳ್ಳಿಯಲ್ಲಿ ನಮ್ಮ ಚಿಕ್ಕಪ್ಪ ಒಂದು ಬಿದಿರಿನ ಗಳ ಊರಿ ದೋಣಿಯನ್ನು ಬಂದರಿನ ಧಕ್ಕೆಗೆ ತಂದು ನಿಲ್ಲಿಸುತ್ತಿದ್ದರು. ಅವರ ಮುಂದೆ ಸ್ಟರ್ನ್ ಥ್ರಸ್ಟರ್ ಅಂದಿದ್ದರೆ ಬಾಯಿ ತುಂಬ ನಗುತ್ತಿದ್ದರು. ಮೇಲೆ ಎತ್ತರದ ಕ್ಯಾಬಿನ್, ಹಿಂದೆಯೂ ಗಾಳಿ ಹಿಡಿಯುವ ಬೋಟು, ಗಂಡ ಹೆಂಡತಿ ಇಬ್ಬರೇ ಓಡಿಸುವುದು, ಇಬ್ಬರಿಗೂ ವಯಸ್ಸಾಗಿದೆ ಅಂದರೆ ಸರಿ, ಹಾಕಿಸಿಕೊಳ್ಳಿ. ಹೊರಗಿನಿಂದ ಕೂರಿಸುವಂಥದ್ದು ಸಿಗುತ್ತದೆ, ಪೈಪ್ ಕೊರೆಯುವ ಗೋಜಿಲ್ಲ.

5. ಬಳಸುವುದು

ಬೋಟು ಹೆಚ್ಚುಕಡಿಮೆ ನಿಂತಿರುವಾಗ ಮಾತ್ರ, ಎರಡೆರಡು ಸೆಕೆಂಡು ಒತ್ತಿ ಬಿಡಿ. ಬ್ರಷ್ ಮೋಟಾರ್ ಒಂದೇ ಸಮ ಓಡುವುದು ಮೂರ್ನಾಲ್ಕು ನಿಮಿಷ, ಆಮೇಲೆ ಬಿಸಿಯಾಗಿ ತಾನೇ ನಿಲ್ಲುತ್ತದೆ. ಹಗ್ಗ ನೀರಿಗೆ ಬಿದ್ದಿದ್ದರೆ ಗುಂಡಿ ಮುಟ್ಟಲೇಬೇಡಿ. ಪೈಪ್ ಅದನ್ನು ಒಳಗೆಳೆದುಕೊಂಡರೆ ಪ್ರೊಪೆಲ್ಲರಿನ ಪಿನ್ ಮುರಿಯುತ್ತದೆ.

ಚಳಿಗಾಲಕ್ಕೆ ಬೋಟು ಮೇಲೆತ್ತಿದಾಗ ಪ್ರೊಪೆಲ್ಲರಿನ ತುದಿಯ ಆ್ಯನೋಡ್ (ಉಳಿದ ಲೋಹದ ಬದಲು ತಾನು ಸವೆಯುವ ಲೋಹದ ತುಂಡು) ಬದಲಿಸಿ. ಇಲ್ಲಿನ ಕಾಲುವೆಯ ಸಿಹಿನೀರಿಗೆ ಸತುವಿನದು ಆಗಿಬರುವುದಿಲ್ಲ, ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂ ಕೇಳಿ, ಅದರ ಮೇಲೆ ಪೇಂಟ್ ಬಳಿಯಬೇಡಿ. ಪಿನ್ ಒಂದೆರಡು ಜಾಸ್ತಿಯೇ ತಂದಿಟ್ಟುಕೊಳ್ಳಿ. ನನ್ನವು ಚಮಚದ ಡ್ರಾಯರಿನಲ್ಲಿವೆ.