ಸಮಾಧಾನಕ್ಕಿಂತ ಮೊದಲು ದೂರು

ನಮ್ಮ ಯಜಮಾನರು ತೀರಿಕೊಂಡಾಗ ಮಾತಾಡಿಸಲು ಬಂದವರ ಬಾಯಲ್ಲಿ ಹೆಚ್ಚುಕಡಿಮೆ ಒಂದೇ ಬೈಬಲ್ ವಚನ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ ಆಗುತ್ತದಮ್ಮಾ, ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯ ಓದು, ಅಂತ. ವಚನದಲ್ಲಿ ತಪ್ಪಿಲ್ಲ. ಆದರೆ ಮಣ್ಣು ಮಾಡಿ ಬಂದ ಸಂಜೆ ಅದನ್ನು ಕೇಳಿದರೆ, ಯಾರ ಒಳ್ಳೆಯದಕ್ಕೆ ಎಂದು ಮೈಯೆಲ್ಲ ಉರಿಯುತ್ತದೆ. ಅದೇ ಪತ್ರಿಕೆಯಲ್ಲಿ ನಾಲ್ಕು ಅಧ್ಯಾಯ ಮುಂದೆ ಹೋದರೆ "ಅಳುವವರ ಸಂಗಡ ಅಳಿರಿ" ಎಂದೂ ಇದೆ. ಅದು ಯಾರ ಬಾಯಿಗೂ ಬರಲಿಲ್ಲ.

ನನಗೆ ದಾರಿ ಸಿಕ್ಕಿದ್ದು ಬೈಬಲಿನ ಕೀರ್ತನೆಗಳಲ್ಲಿ, ಅದೂ ಎಲ್ಲರೂ ಹೇಳುವ 23ರಲ್ಲಲ್ಲ. ಬೆಳಗ್ಗೆ ಇವರು ಕಾಫಿ ಕೇಳುತ್ತಿದ್ದ ಹೊತ್ತಿಗೆ ಅಡುಗೆಮನೆಯಲ್ಲೇ ನಿಂತು ಒಂದೊಂದನ್ನು ಗಟ್ಟಿಯಾಗಿ ಓದತೊಡಗಿದೆ. ಮನಸ್ಸಿನಲ್ಲೇ ಓದಿದರೆ ಕಣ್ಣು ಸಾಲಿನ ಮೇಲಿರುತ್ತದೆ, ಮನಸ್ಸು ಐಸಿಯು ಬಾಗಿಲಲ್ಲಿ ಹೋಗಿ ನಿಂತಿರುತ್ತದೆ. 150 ಕೀರ್ತನೆಗಳಲ್ಲಿ ದೇವರ ಮೇಲೇ ದೂರು ಹೇಳುವವು ಬೇಕಾದಷ್ಟಿವೆ. 13ನೆಯದು ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ ಎಂದು ನೇರವಾಗಿ ಕೇಳುತ್ತದೆ. ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ ಎಂಬ 22ರ ಮೊದಲ ಮಾತನ್ನು ಯೇಸುವೇ ಶಿಲುಬೆಯ ಮೇಲೆ ಕೂಗಿ ಹೇಳಿದ್ದು. 88 ಇನ್ನೂ ಕಠಿಣ. ಉಳಿದವುಗಳಲ್ಲಿ ಹೆಚ್ಚಿನವು ಕೊನೆಗಾದರೂ ಸ್ತೋತ್ರಕ್ಕೆ ತಿರುಗಿಕೊಳ್ಳುತ್ತವೆ, ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಿಲ್ಲವಲ್ಲ ಎಂಬುದೇ ನನಗೆ ದೊಡ್ಡ ಆಸರೆಯಾಯಿತು.

ಆಮೇಲೆ ಯೋಹಾನನ ಸುವಾರ್ತೆಯ 11ನೇ ಅಧ್ಯಾಯ. ಲಾಜರ ಸತ್ತಾಗ ಅವನ ಸಹೋದರಿಯರಾದ ಮಾರ್ಥಳೂ ಮರಿಯಳೂ ಬೇರೆಬೇರೆ ಹೊತ್ತಿನಲ್ಲಿ ಬಂದು ಯೇಸುವಿಗೆ ಒಂದೇ ಮಾತು ಹೇಳುತ್ತಾರೆ: ನೀನು ಇಲ್ಲಿದ್ದಿದ್ದರೆ ಇವನು ಸಾಯುತ್ತಿರಲಿಲ್ಲ. ಮಾರ್ಥಳಿಗೆ ಆತ ಪುನರುತ್ಥಾನದ ಮಾತು ಹೇಳುತ್ತಾನೆ. ಮರಿಯಳಿಗೆ ಬೋಧನೆಯಿಲ್ಲ, ಸಮಾಧಿ ಎಲ್ಲಿ ಎಂದು ಕೇಳಿ ತಾನೂ ಅಳುತ್ತಾನೆ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸುವವನು ಅಳಬೇಕಾದ ಅಗತ್ಯವೇನಿತ್ತು? ಇಷ್ಟು ವರ್ಷ ಕೇಳಿದ್ದ ಕಥೆ, ಈ ಪ್ರಶ್ನೆ ಹೊಳೆದಿರಲಿಲ್ಲ. ನನಗೆ ಆಗ ಬೇಕಿದ್ದದ್ದು ಮರಿಯಳಿಗೆ ಸಿಕ್ಕಿದ್ದು.

ಭಾನುವಾರ ಬೆಂಗಳೂರಿನ ಹಡ್ಸನ್ ಚರ್ಚಿಗೆ ಹೋಗುವುದನ್ನು ಬಿಡಲಿಲ್ಲ. ಕಾರ್ಪೊರೇಷನ್ ಹತ್ತಿರದ 1904ರ ಕಲ್ಲಿನ ಕಟ್ಟಡ. ಹೊರಗೆ ಬಸ್ಸುಗಳ ಹಾರನ್, ಒಳಗೆ ಕನ್ನಡ ಆರಾಧನೆ. ಹಾಡಲು ಗಂಟಲು ಏಳುತ್ತಿರಲಿಲ್ಲ. ಎಲ್ಲರೂ ಒಟ್ಟಿಗೆ ಹೇಳುವ ವಿಶ್ವಾಸ ಪ್ರಮಾಣದಲ್ಲಿ ಶರೀರ ಪುನರುತ್ಥಾನದ ಸಾಲು ಬಂದಾಗ ನನ್ನ ಬಾಯಿ ಕಟ್ಟಿಹೋಗುತ್ತಿತ್ತು. ಪಕ್ಕದ ಆಂಟಿ ನನ್ನ ಕೈ ಮೇಲೆ ಕೈಯಿಟ್ಟು ಆ ಸಾಲನ್ನು ಸ್ವಲ್ಪ ಜೋರಾಗಿಯೇ ಹೇಳುತ್ತಿದ್ದರು. ನಮ್ಮಿಬ್ಬರ ಪರವಾಗಿ ಅವರೇ ನಂಬಲಿ ಎಂದು ಸುಮ್ಮನಿರುತ್ತಿದ್ದೆ. ಸಭೆ ಅಂತ ಇರುವುದು ಅದಕ್ಕೇ ಇರಬೇಕು. ಮನೆಯಲ್ಲಿ ಮೊಬೈಲಿನಲ್ಲಿ ಆರಾಧನೆ ನೋಡಿದ್ದರೆ ಇದು ಆಗುತ್ತಿರಲಿಲ್ಲ.

ಈಗ ಸಾವಿನ ಮನೆಗೆ ಹೋದರೆ ವಚನ ಹೇಳುವುದಿಲ್ಲ. ಸತ್ಯವೇದದಲ್ಲಿ ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಬಾಯಿಬಿಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಕೆಟ್ಟದ್ದು ಆಮೇಲೆ, ಮಾತಾಡಿದಾಗ. ತಿಂಡಿ ತಗೊಂಡು ಹೋಗುತ್ತೇನೆ, ಪಾತ್ರೆ ತೊಳೆಯುತ್ತೇನೆ, ತೀರಿಹೋದವರ ಹೆಸರು ಹಿಡಿದು ಅವರ ವಿಷಯ ಕೇಳುತ್ತೇನೆ.

ಇವರ ವರ್ಷದ ಪ್ರಾರ್ಥನಾ ಕೂಟಕ್ಕೆ ಯಾವ ಭಾಗ ಓದಲಿ ಎಂದು ಚರ್ಚಿನ ಪಾದ್ರಿ ಅಯ್ಯನವರು ಕೇಳಿದರು. 13ನೇ ಕೀರ್ತನೆ ಅಂದೆ. "ಇವತ್ತೂ ಅಳೋದೇನಾ ಅತ್ತಿಗೆ?" ಅಂದಳು ನಾದಿನಿ. "ಕೊನೆಯ ಎರಡು ವಚನ ಕೇಳಿಸಿಕೊಂಡು ಆಮೇಲೆ ಹೇಳು" ಅಂದೆ.