ಕೋಳಿ ಗರಿಗೆ ಬಿದ್ದ ಕಾವೇರಿಯ ಕೊರವ

ಕಾವೇರಿಯಲ್ಲಿ ಫ್ಲೈ, ಅಂದರೆ ಗರಿ, ಕೂದಲು ಕಟ್ಟಿದ ಹುಕ್ ಎಸೆದು ಮೀನು ಹಿಡಿಯುವುದು, ನಡೆಯುವುದಿಲ್ಲ, ಅದೇನಿದ್ದರೂ ಹಿಮಾಲಯದ ತಿಳಿನೀರಿನ ಆಟ ಎಂದು ಮೈಸೂರಿನ ಗಾಳದ ಗೆಳೆಯರು ಹೇಳುತ್ತಲೇ ಬಂದರು. ಕಳೆದ ಬೇಸಿಗೆಯಲ್ಲಿ ಬನ್ನೂರಿನಿಂದ ಕೆಳಗೆ ನಾನೇ ಕಟ್ಟಿದ ಫ್ಲೈಗೆ ಆರು ಕಿಲೋ ಹತ್ತಿರದ ಕೊರವ, ಹಾವಿನಂಥ ತಲೆಯ ಬೇಟೆ ಮೀನು, ಬಿತ್ತು. ಗದ್ದೆ ಕಾಲುವೆಯ ಸಣ್ಣ ಕೊರವವಲ್ಲ, ಬಾಲದ ಬುಡದಲ್ಲಿ ಕಣ್ಣಿನಂಥ ಚುಕ್ಕೆ ಇರುವ ದೊಡ್ಡ ಜಾತಿ. ಅದಾದ ಮೇಲೆ ಎರಡು, ಮೂರು ಕಿಲೋದವು ಹಲವು ಬಂದಿವೆ. ಒಂದು ಮೀನು ಅದೃಷ್ಟಕ್ಕೆ ಬರಬಹುದು, ಇಷ್ಟು ಬರುವುದಿಲ್ಲ.

ಅನುಮಾನಪಟ್ಟವರದು ತಪ್ಪೆನ್ನಲಾರೆ. ನಮ್ಮಲ್ಲಿ ದೊಡ್ಡ ಮೀನೆಂದರೆ ರಾಗಿ ಮುದ್ದೆ. ಭೀಮೇಶ್ವರಿ ಕಡೆ ಬಿಳಿ ಮೀನಿಗೆ (ಮಹಶೀರ್) ಮುದ್ದೆ ಕಟ್ಟಿ ಕುಳಿತವರ ಕೈಯಲ್ಲೇ ನಾವೆಲ್ಲ ಕಲಿತದ್ದು. ವನ್ಯಧಾಮದೊಳಗೆ ಗಾಳ ನಿಂತ ಮೇಲೂ ಆ ಅಭ್ಯಾಸ ಬಿಡಲಿಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡ್ ತೂಕದ ಬಿಳಿ ಮೀನು ಹಿಡಿದ ಕಥೆ ನಮ್ಮ ಪ್ರತಿ ಸಂಜೆಯ ಮಾತಿನಲ್ಲೂ ಬರುತ್ತದೆ. ಅಂಥ ನದಿಯಲ್ಲಿ ಗರಿ ಎಸೆಯುವವನನ್ನು ಯಾರು ನಂಬುತ್ತಾರೆ? ನನ್ನ ತೆಪ್ಪ ಹಾಕುವ ಹಿರಿಯರಂತೂ ನೇರವಾಗಿ ಕೇಳಿದ್ದರು: "ಸ್ವಾಮಿ, ಕೋಳಿ ಗರಿಗೆ ಕೊರವ ಬೀಳುವುದಾದರೆ ನಾವು ಬಲೆ ಯಾಕೆ ಹೊರಬೇಕು?"

ಮೊದಲೆರಡು ಬೇಸಿಗೆ ಹಣ ನೀರಿನಂತೆ ಹರಿಯಿತು. ಒಂಬತ್ತು ಅಡಿಯ ಎಂಟನೇ ನಂಬರ್ ರಾಡ್‌ಗೆ ಹದಿನಾಲ್ಕೋ ಹದಿನೈದೋ ಸಾವಿರ. ಅದು ದುಡಿಯುತ್ತಿದೆ, ಬೇಸರವಿಲ್ಲ. ಹೊಟ್ಟೆ ಉರಿಸಿದ್ದು ಲೈನ್, ಹಗುರವಾದ ಫ್ಲೈಯನ್ನು ದೂರ ಒಯ್ಯುವ ದಪ್ಪ ದಾರ. ತಣ್ಣೀರಿನ ದೇಶಗಳಿಗೆಂದು ಮಾಡಿದ, ಎಂಟು ಸಾವಿರ ಹತ್ತಿರದ ಲೈನ್ ನಮ್ಮ ಏಪ್ರಿಲ್ ಬಿಸಿಲಿಗೆ ಬೆಂದ ಶಾವಿಗೆಯಂತಾಯಿತು. ರಾಡ್‌ನ ಗೈಡ್ ಬಳೆಗಳಿಗೆ ಅಂಟಿಕೊಳ್ಳುತ್ತದೆ, ದೂರ ಹೋಗುವುದೇ ಇಲ್ಲ. ಉಷ್ಣವಲಯದ ಸಮುದ್ರ ಮೀನಿಗೆಂದು ಮಾಡಿದ ಗಟ್ಟಿ ತಿರುಳಿನ ಲೈನ್ ತರಿಸಿ ಹಾಕಿದ ದಿನವೇ ಅದೇ ರಾಡ್ ಇನ್ನೂ ಹದಿನೈದು ಅಡಿ ಮುಂದಕ್ಕೆ ಎಸೆಯಿತು. ಈ ಊರಿನಲ್ಲಿ ಫ್ಲೈ ಶುರು ಮಾಡುವವರು ರಾಡ್‌ನಲ್ಲಿ ಉಳಿಸಿ ಲೈನ್‌ಗೆ ಸುರಿಯಲಿ.

ಆದರೆ ಮೀನು ಕೊಟ್ಟದ್ದು ಲೈನೂ ಅಲ್ಲ, ದಿನಪತ್ರಿಕೆ. ಕೆಆರ್‌ಎಸ್‌ನ ಒಳಹರಿವು, ಹೊರಹರಿವನ್ನು ನಾವೆಲ್ಲ ಓದುತ್ತೇವೆ, ಕಟ್ಟೆ 124.80 ಅಡಿ ಮುಟ್ಟಿತೇ ಎಂದು ನೋಡಿ ಮಡಚಿಡುತ್ತೇವೆ. ನಾನು ಹೊರಹರಿವನ್ನು ಬಿಡಿಸಿ ನೋಡತೊಡಗಿದೆ: ನಾಲೆಗಳಿಗೆ ಎಷ್ಟು, ನದಿಗೆ ಎಷ್ಟು. ಕೊರವಕ್ಕೆ ಬೇಕಾದದ್ದು ನದಿಯ ಲೆಕ್ಕ ಮಾತ್ರ. ನದಿಗೆ ಬಿಡುವುದನ್ನು ಏರಿಸಿದರೆ ಅರ್ಧ ದಿನದ ಮೇಲೆ ಬನ್ನೂರಿನ ಹತ್ತಿರ ನೀರು ಕದಡುತ್ತದೆ, ಮನೆಯಲ್ಲೇ ಇರುವುದು ಮೇಲು. ಇಳಿಸಿ ಮೂರ್ನಾಲ್ಕು ದಿನ ಒಂದೇ ಮಟ್ಟದಲ್ಲಿ ಇಟ್ಟರೆ ದಡದ ನೀರು ತಿಳಿಯಾಗುತ್ತದೆ, ಜೊಂಡಿನ ಬುಡಕ್ಕೆ ಜಿಲೇಬಿ (ತಿಲಾಪಿಯಾ) ಮೀನಿನ ಮರಿಗಳು ಸೇರುತ್ತವೆ, ಅವುಗಳ ಹಿಂದೆ ಕೊರವ. ಹಳೆಯ ಅಣೆಕಟ್ಟೆಗಳ ಹಿನ್ನೀರಿನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಯಾವ ಅಣೆಕಟ್ಟೆ, ನದಿಗೆ ಎಷ್ಟು ಕ್ಯೂಸೆಕ್ ಇದ್ದಾಗ ಹೊರಡುತ್ತೇನೆ, ಇವೆರಡು ನನ್ನ ಬಳಿಯೇ ಇರಲಿ. ಎರಡು ಬೇಸಿಗೆಯ ಪೆಟ್ರೋಲ್ ಸುರಿದು ಸಂಪಾದಿಸಿದ್ದು.

ಕುರುಡಾಗಿ ಎಸೆಯುವುದನ್ನು ಪೂರ್ತಿ ಬಿಟ್ಟಿದ್ದೇನೆ. ಕೊರವ ಗಾಳಿ ಕುಡಿಯುವ ಮೀನು, ಎಷ್ಟೇ ಜಾಣನಾದರೂ ಮೇಲೆ ಬರಲೇಬೇಕು. ಸುಮ್ಮನೆ ಕುಳಿತು ನೋಡುವುದು. ಅಂತರಗಂಗೆಯ ಅಂಚಿನಲ್ಲಿ 'ಗುಳಕ್' ಎಂದ ಜಾಗ ಗುರುತಿಟ್ಟುಕೊಂಡು, ಮೀನು ಮೂತಿ ತಿರುಗಿಸಿದ ದಿಕ್ಕಿಗೆ ನಾಲ್ಕೈದು ಅಡಿ ಮುಂದೆ ಫ್ಲೈ ಇಳಿಸಬೇಕು. ತಲೆಯ ಮೇಲೆ ಬಿದ್ದರೆ ಆ ಮೀನು ಅಂದಿಗೆ ಮುಗಿಯಿತು. ಎರಡು ಗಿಡ್ಡ ಎಳೆತ, ಒಂದು ದೀರ್ಘ ನಿಲುಗಡೆ. ಬಹಳ ಸಲ ಹೊಡೆತ ಬೀಳುವುದು ಆ ನಿಲುಗಡೆಯಲ್ಲೇ. ಆಗ ರಾಡ್ ಎತ್ತಿದರೆ ಎಲುಬಿನಂಥ ಬಾಯಿಯಲ್ಲಿ ಹುಕ್ ಕೂರುವುದಿಲ್ಲ. ರಾಡ್ ತುದಿಯನ್ನು ನೀರಿನತ್ತಲೇ ಇಟ್ಟು ಎಡಗೈಯಿಂದ ಲೈನ್ ಜಗ್ಗಬೇಕು, ಎರಡು ಸಲ. ಸ್ಪಿನ್ನಿಂಗ್‌ನಿಂದ, ಅಂದರೆ ರೀಲಿನಿಂದ ಭಾರದ ಕೃತಕ ಮೀನು ಎಸೆಯುವ ಅಭ್ಯಾಸದಿಂದ, ಬಂದ ಗೆಳೆಯರು ಮೀನು ಕಳೆದುಕೊಳ್ಳುವುದು ಇಲ್ಲೇ. ಕೆಂಪು ಮರಿಗಳ ಗುಂಪು ಕಂಡರೆ ಮಾತ್ರ ಲೈನ್ ಸುತ್ತಿಡುತ್ತೇನೆ. ತಂದೆ ತಾಯಿ ಎರಡೂ ಕಾವಲಿರುತ್ತವೆ, ಏನು ಎಸೆದರೂ ಕಚ್ಚುತ್ತವೆ, ಅವು ಹೋದರೆ ಮರಿಗಳನ್ನು ಜಿಲೇಬಿಗಳೇ ಮುಗಿಸುತ್ತವೆ. ಅಂಥ ಮೀನು ಹಿಡಿದು ಫೋಟೊ ತೋರಿಸುವವರ ಜೊತೆ ನಾನು ತೆಪ್ಪ ಹತ್ತುವುದಿಲ್ಲ.

ಅಂಗಡಿಯ ಫ್ಲೈ ಒಂದಕ್ಕೆ ನಾನೂರು ರೂಪಾಯಿ, ಜೊಂಡಿಗೆ ಸಿಕ್ಕಿದರೆ ಹೋಯಿತು. ನನ್ನದಕ್ಕೆ ಹುಕ್ ಸೇರಿ ನಲವತ್ತರ ಆಸುಪಾಸು. ತಲೆಗೆ ಹವಾಯಿ ಚಪ್ಪಲಿಯ ರಬ್ಬರ್, ಕುತ್ತಿಗೆಗೆ ನಾಟಿ ಹುಂಜದ ಗರಿ, ಸುತ್ತಲು ರೇಷ್ಮೆ ನೂಲು, ಮೇಲೆ ಉಗುರು ಬಣ್ಣ. ಬಾಲಕ್ಕೆ ಮೊದಲು ಬನ್ನೂರು ಕುರಿಯ ಉಣ್ಣೆ ಕಟ್ಟಿ ನೋಡಿದೆ. ಗಿಡ್ಡ, ನೀರು ಹೀರಿ ಮುದ್ದೆಯಾಗುತ್ತದೆ. ಮೇಕೆಯ ಬಾಲದ ಕೂದಲು ಅದ್ಭುತ, ಮಾಂಸದಂಗಡಿಯವರು ಬಿಟ್ಟಿಯಾಗಿ ಕೊಡುತ್ತಾರೆ. ಅದರ ಕೆಳಗೆ ಇನ್ನೊಂದು ವಸ್ತು ಸೇರಿಸುತ್ತೇನೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ. ಹುಕ್‌ನ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿರುತ್ತೇನೆ, ಬಿಡುವ ಮೀನಿಗೆ ಗಾಯ ಕಡಿಮೆ. ಲೀಡರ್, ಅಂದರೆ ಲೈನ್‌ಗೂ ಫ್ಲೈಗೂ ನಡುವಿನ ದಾರ, ನಲವತ್ತು ಪೌಂಡ್ ಎಳೆತ ತಡೆಯುವಂಥದ್ದು, ಹಲ್ಲಿಗೆ ಕಡಿಯದ ತಂತಿ ಬೇಕಿಲ್ಲ.

ರಾಗಿ ಅಂಬಲಿಯಲ್ಲಿ ನೆನೆಸಿದ ಫ್ಲೈ ಕೂಡ ಎಸೆದು ನೋಡಿದ್ದೇನೆ, ಗೆಳೆಯರ ಒತ್ತಾಯಕ್ಕೆ. ಏನೂ ಬರಲಿಲ್ಲ, ಗರಿ ಮಾತ್ರ ಹಾಳಾಯಿತು. ಅದಕ್ಕಿಂತ ಮಜವಾದದ್ದು ಅತ್ತಿ ಹಣ್ಣಿನ ಪ್ರಯೋಗ. ದಡದ ಅತ್ತಿ ಮರದಡಿ ಹಣ್ಣು ಬೀಳುವ ಕಾಲಕ್ಕೆ ಕೆಂಪು ರಬ್ಬರ್ ಉಂಡೆಯೊಂದನ್ನು ಕಟ್ಟಿ 'ತೊಪ್' ಎಂದು ಬೀಳುವಂತೆ ಎಸೆದೆ. ಬಂದದ್ದು ಎರಡು ಕಿಲೋದ ಕಾಮನ್ ಕಾರ್ಪ್. ಬಿಳಿ ಮೀನೂ ಹಣ್ಣು ತಿನ್ನುತ್ತದೆ. ಆದರೆ ಕಾವೇರಿಯ ಗೂನು ಬೆನ್ನಿನ ಬಿಳಿ ಮೀನು ಅಳಿವಿನ ಅಂಚಿಗೆ ಬಂದಿದೆ, ಅದಕ್ಕೆಂದು ಗಾಳ ಹಾಕುವುದಿಲ್ಲ.

ನೀರಿಗೆ ಇಳಿದು ಎಸೆಯುವ ಯೋಚನೆ ಯಾರೂ ಮಾಡಬಾರದು. ರಂಗನತಿಟ್ಟಿನ ಮೊಸಳೆಗಳಿಗೆ ಗಡಿ ಗೊತ್ತಿಲ್ಲ. ಹಾಗಾಗಿ ತೆಪ್ಪ, ಅರ್ಧ ದಿನಕ್ಕೆ ಏಳೆಂಟು ನೂರು. ತೆಪ್ಪ ಪ್ರತಿ ಎಸೆತಕ್ಕೂ ತಿರುಗುತ್ತದೆ. ಒಂದೇ ಕಲ್ಲು ಕಟ್ಟಿದರೆ ಇನ್ನೂ ಜೋರಾಗಿ. ಎದುರುಬದುರಾಗಿ ಎರಡು ಕಲ್ಲು ಇಳಿಸಿದ ಮೇಲೆ ನಿಂತಿತು. ಬಿದಿರಿನ ಹೆಣಿಗೆಗೆ ಲೈನ್ ಸಿಕ್ಕಿಕೊಳ್ಳದಿರಲು ಒದ್ದೆ ಗೋಣಿಚೀಲ ಹಾಸುತ್ತೇನೆ. ಪರವಾನಗಿ, ಆ ಭಾಗದ ಗುತ್ತಿಗೆದಾರರ ಒಪ್ಪಿಗೆ ಎರಡೂ ಜೇಬಿನಲ್ಲಿರುತ್ತವೆ.

ಆರು ಕಿಲೋದ ಆ ಮೀನನ್ನು ಬಿಡುವಾಗ ತೆಪ್ಪದ ಹಿರಿಯರು ಮಾತಾಡಲಿಲ್ಲ. ಮರುವಾರ ಮಗನ ಕೈಯಲ್ಲಿ ಹುಂಜದ ಗರಿ ಒಂದು ಕಟ್ಟು ಕಳಿಸಿದರು. ಈಗ ಮುಳುಗುವ ಲೈನ್‌ಗೆ ದುಡ್ಡು ಕೂಡಿಸುತ್ತಿದ್ದೇನೆ, ಇನ್ನೊಂದು ಒಂಬತ್ತು ಸಾವಿರವಾದೀತು. ನಂಜನಗೂಡಿನಿಂದ ಕೆಳಗೆ ಕಬಿನಿಯ ಮಡುಗಳಲ್ಲಿ ಬಾಳೆ ಮೀನು, ಮೀಸೆಯ ಬೇಟೆ ಮೀನು, ಕತ್ತಲಾದ ಮೇಲೆ ತಿರುಗುತ್ತದೆ. ಅದಕ್ಕೆ ಕಪ್ಪು ಫ್ಲೈ ಕಟ್ಟಿ ಆಗಿದೆ, ಅಂಗೈಗಿಂತ ಉದ್ದ.