ಮಾನಸಿಕ ಕಾಯಿಲೆಗೆ ಟ್ರೀಟ್‌ಮೆಂಟ್ ತಗೋತಿರೋ ಮಾಜಿ ಸೈನಿಕರಿಗೆ ಕೋವಿ ಲೈಸೆನ್ಸ್ ಸಿಗತ್ತಾ, ಇರೋ ಲೈಸೆನ್ಸ್ ಉಳಿಯತ್ತಾ

ಮದ್ದೂರು, ನಾಗಮಂಗಲ, ಹುಣಸೂರು ಕಡೆ ಆರ್ಮಿಯಿಂದ ರಿಟೈರ್ ಆಗಿ ಬಂದ ಎಷ್ಟೋ ಜನಕ್ಕೆ ಡಬಲ್ ಬ್ಯಾರೆಲ್ ಕೋವಿಯಿಂದಾನೇ ಎರಡನೇ ಸಂಬಳ, ಬ್ಯಾಂಕಲ್ಲೋ ಕ್ಯಾಶ್ ವ್ಯಾನಲ್ಲೋ ಗನ್‌ಮ್ಯಾನ್ ಕೆಲಸಕ್ಕೆ ಹೋದ್ರೆ ಲೈಸೆನ್ಸ್ ಇದ್ಯಾ ಅಂತ ಮೊದಲು ಕೇಳ್ತಾರೆ. ರಾತ್ರಿ ನಿದ್ದೆ ಬರಲ್ಲ, ಪಟಾಕಿ ಸದ್ದಿಗೆ ಬೆವರು ಕಿತ್ಕೊಂಡು ಬರತ್ತೆ, ಮನೇಲಿ ಸುಮ್ ಸುಮ್ನೆ ರೇಗಾಟ, ಇಷ್ಟೆಲ್ಲಾ ಇದ್ರೂ ಡಾಕ್ಟರ್ ಹತ್ರ ಹೋಗಲ್ಲ. ಸೈಕಿಯಾಟ್ರಿ ಚೀಟಿ ಒಂದ್ಸಲ ಬಂತು ಅಂದ್ರೆ ಲೈಸೆನ್ಸ್ ಹೋಯ್ತು, ಕೆಲ್ಸನೂ ಹೋಯ್ತು ಅನ್ನೋ ಭಯ. ಆ ಭಯದಲ್ಲಿ ಸ್ವಲ್ಪ ನಿಜ ಇದೆ, ಜಾಸ್ತಿ ಸುಳ್ಳೇ ಇದೆ.

ಮೊದಲು ಕಾನೂನು ಏನನ್ನತ್ತೆ ನೋಡಿ. 1959ರ ಆರ್ಮ್ಸ್ ಆಕ್ಟ್ ಸೆಕ್ಷನ್ 14ರ ಪ್ರಕಾರ ಚಿತ್ತ ಸ್ವಾಧೀನದಲ್ಲಿ ಇಲ್ಲದವರಿಗೆ, ಇಲ್ಲಾ ಬೇರೆ ಯಾವ್ದೋ ಕಾರಣಕ್ಕೆ ಕೋವಿ ಇಟ್ಕೊಳ್ಳೋಕೆ ಯೋಗ್ಯರಲ್ಲ ಅಂತ ಅಧಿಕಾರಿಗೆ ಅನ್ಸಿದವರಿಗೆ ಲೈಸೆನ್ಸ್ ಕೊಡೋ ಹಾಗಿಲ್ಲ. ಪಿಟಿಎಸ್‌ಡಿ (ಭಯಾನಕ ಘಟನೆ ಆದ್ಮೇಲೂ ಮನಸ್ಸಲ್ಲಿ ಉಳಿಯೋ ಆಘಾತ), ಡಿಪ್ರೆಶನ್, ಆಂಕ್ಸೈಟಿ ಅಂತ ಕಾಯಿಲೆ ಹೆಸರು ಹಿಡಿದು ಆ ಸೆಕ್ಷನ್ನಲ್ಲಿ ಎಲ್ಲೂ ಬರೆದಿಲ್ಲ. 2017ರ ಮೆಂಟಲ್ ಹೆಲ್ತ್‌ಕೇರ್ ಆಕ್ಟ್ ಸೆಕ್ಷನ್ 3 ಇನ್ನೂ ಸ್ಪಷ್ಟವಾಗಿ ಹೇಳತ್ತೆ, ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ ಅಂತ ಡಾಕ್ಟರ್ ಹೇಳಿದ ಮಾತ್ರಕ್ಕೆ ಅವರು ಚಿತ್ತ ಸ್ವಾಧೀನ ಕಳ್ಕೊಂಡವರು ಅಂತ ಅರ್ಥ ಅಲ್ಲ, ಅದನ್ನ ಕೋರ್ಟೇ ಹೇಳ್ಬೇಕು ಅಂತ. ಈ ಸಾಲನ್ನ ನೆನಪಿಟ್ಕೊಳ್ಳಿ, ಅರ್ಜಿ ರಿಜೆಕ್ಟ್ ಆದ್ರೆ ನಿಮ್ಮ ವಕೀಲರಿಗೆ ಕೈ ಹಿಡಿಯೋದು ಇದೇ.

ಆದ್ರೆ ಆ "ಬೇರೆ ಯಾವ್ದೋ ಕಾರಣ" ಅನ್ನೋದು ಇದ್ಯಲ್ಲ, ಅದರಲ್ಲಿ ಅಧಿಕಾರಿಗೆ ಸಾಕಷ್ಟು ಅಧಿಕಾರ ಇದೆ. ಠಾಣೆ ರಿಪೋರ್ಟಲ್ಲಿ ಕುಡಿದು ಮನೇಲಿ ಗಲಾಟೆ ಮಾಡಿದ್ದು ಬಂದಿದ್ರೆ, ಆತ್ಮಹತ್ಯೆಗೆ ಪ್ರಯತ್ನ ಪಟ್ಟಿದ್ದು ಬಂದಿದ್ರೆ ಅನುಮಾನ ಬಂದೇ ಬರತ್ತೆ, ಬರ್ಬೇಕು ಕೂಡ.

ಅರ್ಜಿ ಎಲ್ಲಿ ಅಂದ್ರೆ ಮೈಸೂರು ಸಿಟಿ ಒಳಗಿನವರು ಪೊಲೀಸ್ ಕಮಿಷನರ್ ಆಫೀಸು, ಮಂಡ್ಯ ಜಿಲ್ಲೆಯವರು ಮತ್ತೆ ಮೈಸೂರಿನ ತಾಲ್ಲೂಕುಗಳವರು ಅವರವರ ಡಿಸಿ ಆಫೀಸು. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಅರ್ಜಿ ಜೊತೆ ಮೆಡಿಕಲ್ ಸರ್ಟಿಫಿಕೇಟ್ ಇಡ್ಲೇಬೇಕು, ಅದ್ರಲ್ಲಿ ಮಾನಸಿಕ ಆರೋಗ್ಯ, ದೈಹಿಕ ಫಿಟ್‌ನೆಸ್ ಎರಡೂ ಇರ್ಬೇಕು, ಕುಡಿತಕ್ಕೆ ಮಾದಕ ವಸ್ತುಗಳಿಗೆ ದಾಸರಾಗಿಲ್ಲ ಅಂತಾನೂ ಬರೆದಿರ್ಬೇಕು. ಸರ್ವಿಸಲ್ಲಿ ದಿನಾ ಇನ್ಸಾಸ್ ರೈಫಲ್ ಹಿಡ್ಕೊಂಡು ಗಡಿ ಕಾದಿದೀನಿ, ನನಗ್ಯಾಕೆ ಸರ್ಟಿಫಿಕೇಟು ಅಂತ ವಾದ ಮಾಡ್ಬೇಡಿ, ಅದು ಎಲ್ಲರಿಗೂ ಇರೋ ರೂಲು. ಕ್ಯಾಂಟೀನ್ ರಮ್ ದಿನಾ ರಾತ್ರಿ ಬೇಕೇ ಬೇಕು ಅನ್ನೋ ಹಂತಕ್ಕೆ ಬಂದಿದ್ರೆ, ನನ್ನ ಪ್ರಕಾರ ಪಿಟಿಎಸ್‌ಡಿಗಿಂತ ದೊಡ್ಡ ಅಡ್ಡಿ ಅದೇ, ಮೊದಲು ಅದಕ್ಕೆ ಟ್ರೀಟ್‌ಮೆಂಟ್ ತಗೊಳ್ಳಿ.

ಈಗ ಮುಖ್ಯ ವಿಷಯ, ಮುಚ್ಚಿಡೋದು. ದಯವಿಟ್ಟು ಮುಚ್ಚಿಡ್ಬೇಡಿ. ಮಾಜಿ ಸೈನಿಕ ಅಂತ ತೋರ್ಸೋಕೆ ಡಿಸ್ಚಾರ್ಜ್ ಬುಕ್ ಕಾಪಿ ಕೊಡ್ತೀರ, ಅದ್ರಲ್ಲೇ ಮೆಡಿಕಲ್ ಕೆಟಗರಿ ಇರತ್ತೆ. ಶೇಪ್ (SHAPE) ಅಂತ ಆರ್ಮಿಯವರು ಆರೋಗ್ಯಕ್ಕೆ ನಂಬರ್ ಕೊಡೋ ಪದ್ಧತಿ, ಅದ್ರಲ್ಲಿ ಮೊದಲನೇ ಎಸ್ ಇದ್ಯಲ್ಲ ಅದು ಮನಸ್ಸಿಂದೇ, ಅಲ್ಲಿ 1ರ ಬದಲು ಬೇರೆ ನಂಬರ್ ಇದ್ರೆ ಗೊತ್ತಿರೋರು ನೋಡಿದ ತಕ್ಷಣ ಕೇಳ್ತಾರೆ. ಅದೇ ಕಾಯಿಲೆಗೆ ಡಿಸಬಿಲಿಟಿ ಪೆನ್ಶನ್ ಬರ್ತಿದ್ರಂತೂ ಕಾಗದ ಎಲ್ಲಾ ಕಡೆ ಇದೆ. ಸುಳ್ಳು ಹೇಳಿಯೋ ಮುಖ್ಯವಾದ್ದನ್ನ ಮುಚ್ಚಿಟ್ಟೋ ಲೈಸೆನ್ಸ್ ತಗೊಂಡಿದ್ರೆ ಆರ್ಮ್ಸ್ ಆಕ್ಟ್ ಸೆಕ್ಷನ್ 17ರ ಕೆಳಗೆ ಅದೊಂದೇ ಕಾರಣಕ್ಕೆ ಕ್ಯಾನ್ಸಲ್ ಮಾಡ್ಬೋದು, ಕಾಯಿಲೆಯಿಂದ ಹೋಗ್ದೇ ಇದ್ದ ಲೈಸೆನ್ಸು ಸುಳ್ಳಿಂದ ಹೋಗತ್ತೆ.

ಅದಕ್ಕೆ ಬದಲು ಹಿಂಗೆ ಮಾಡಿ. ಮೈಸೂರಿನ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್‌ಗೆ ಹೋಗಿ ಸೈಕಿಯಾಟ್ರಿಸ್ಟ್‌ಗೆ ರೆಫರ್ ಮಾಡಿಸ್ಕೊಳ್ಳಿ, ಇಲ್ಲಾ ನೇರವಾಗಿ ಕೆ.ಆರ್. ಆಸ್ಪತ್ರೆ, ಮಂಡ್ಯದವರಾದ್ರೆ ಮಿಮ್ಸ್ ಆಸ್ಪತ್ರೆ. ಒಂದೇ ಡಾಕ್ಟರ್ ಹತ್ರ ಫಾಲೋ ಅಪ್ ಇರ್ಲಿ, ಚೀಟಿಗಳನ್ನ ತಾರೀಖು ಪ್ರಕಾರ ಒಂದು ಫೈಲಲ್ಲಿ ಇಡಿ. ಬರೀ "ಫಿಟ್" ಅಂತ ಒಂದು ಸಾಲು ಬರೆಸ್ಕೊಂಡು ಬಂದ್ರೆ ಪ್ರಯೋಜನ ಕಮ್ಮಿ. ಯಾವ ಕಾಯಿಲೆ, ಯಾವಾಗಿಂದ, ಈಗ ಯಾವ ಮಾತ್ರೆ, ಎಷ್ಟು ದಿನದಿಂದ ಸ್ಥಿರವಾಗಿದ್ದಾರೆ, ತೀರ್ಮಾನ ತಗೊಳ್ಳೋ ಶಕ್ತಿ ಸರಿ ಇದ್ಯಾ, ತನಗೋ ಬೇರೆಯವರಿಗೋ ಅಪಾಯ ಇದ್ಯಾ ಅಂತ ವಿವರವಾಗಿ ಬರೆದುಕೊಡಿ ಅಂತ ಕೇಳ್ಕೊಳ್ಳಿ. ಡಾಕ್ಟರ್ ಈಗ್ಲೇ ಬರ್ಕೊಡೋಕಾಗಲ್ಲ, ಇನ್ನಷ್ಟು ತಿಂಗಳು ನೋಡ್ಬೇಕು ಅಂದ್ರೆ ಅವರ ಮಾತು ಕೇಳಿ, ಇನ್ನೊಂದು ಕ್ಲಿನಿಕ್‌ಗೆ ಹೋಗಿ ಸರ್ಟಿಫಿಕೇಟ್ ಹುಡುಕ್ಬೇಡಿ. ಟ್ರೀಟ್‌ಮೆಂಟ್ ಶುರು ಮಾಡಿದ ತಕ್ಷಣ ಡಾಕ್ಟರ್ ಠಾಣೆಗೆ ಹೇಳ್ಬಿಡ್ತಾರೆ ಅನ್ನೋದೂ ಸುಳ್ಳು, ನಿಮ್ಮ ವಿಷಯ ಗುಟ್ಟಾಗಿಡೋದು ಕಾನೂನಲ್ಲೇ ಇದೆ, ಜೀವಕ್ಕೆ ಅಪಾಯ, ಕೋರ್ಟ್ ಆದೇಶ ಇಂಥ ಕೆಲವು ಸಂದರ್ಭ ಬಿಟ್ರೆ.

ಲೈಸೆನ್ಸ್ ಈಗಾಗ್ಲೇ ಇದ್ದು ಆಮೇಲೆ ಕಾಯಿಲೆ ಬಂದವರಿಗೂ ಇದೇ ದಾರಿ. ಆರ್ಮ್ಸ್ ಆಕ್ಟ್‌ಗೆ 2019ರ ತಿದ್ದುಪಡಿ ಆದ್ಮೇಲೆ ಲೈಸೆನ್ಸ್ ಅವಧಿ 3 ವರ್ಷದಿಂದ 5 ವರ್ಷಕ್ಕೆ ಹೋಗಿದೆ, ರಿನೀವಲ್‌ಗೆ ಕೊನೇ ವಾರದವರೆಗೆ ಕಾಯದೆ ಮೊದಲೇ ಫೈಲ್ ರೆಡಿ ಮಾಡ್ಕೊಳ್ಳಿ.

ಆದ್ರೆ ಸಾಯ್ಬೇಕು ಅನ್ನೋ ಯೋಚನೆ ಬರ್ತಿದ್ರೆ, ನಿದ್ದೆಯಿಂದ ಎದ್ದಾಗ ಎಲ್ಲಿದೀನಿ ಅಂತಾನೇ ಗೊತ್ತಾಗ್ತಿಲ್ಲ ಅಂದ್ರೆ, ಲೈಸೆನ್ಸ್ ಕತೆ ಆಮೇಲೆ, ಇವತ್ತೇ ಕೋವಿ ಮನೆಯಿಂದ ಆಚೆ ಹೋಗ್ಬೇಕು. ಎಲೆಕ್ಷನ್ ಬಂದಾಗ ಠಾಣೆಗೆ ಕೊಟ್ಟು ರಸೀದಿ ತಗೊಂಡು ಬರ್ತೀವಲ್ಲ, ಹಂಗೇ ಠಾಣೇಲೋ ಲೈಸೆನ್ಸ್ ಇರೋ ಕೋವಿ ಅಂಗಡೀಲೋ ಡೆಪಾಸಿಟ್ ಮಾಡಿ. ತಾನಾಗೇ ಡೆಪಾಸಿಟ್ ಮಾಡಿದವರು ಜವಾಬ್ದಾರಿ ಇರೋರು, ನಾಳೆ ಲೈಸೆನ್ಸ್ ವಿಷಯ ಬಂದಾಗ ಧೈರ್ಯವಾಗಿ ಹೇಳ್ಕೊಳ್ಳೋ ವಿಷಯ ಇದು. ಮನೇಲಿರೋ ಅಕ್ಕಂದಿರಿಗೆ, ಮಕ್ಕಳಿಗೆ ಒಂದು ಮಾತು, ನೀವೇ ಕೋವಿ ಎತ್ಕೊಂಡು ಬಸ್ ಹತ್ಬೇಡಿ, ಲೈಸೆನ್ಸ್ ನಿಮ್ಮ ಹೆಸರಲ್ಲಿಲ್ಲ, ಠಾಣೆಗೆ ಫೋನ್ ಮಾಡಿ, ಅರ್ಜೆಂಟ್ ಆದ್ರೆ 112. ಮಾತಾಡೋಕೆ ಯಾರಾದ್ರೂ ಬೇಕು ಅಂದ್ರೆ ಟೆಲಿ ಮಾನಸ್ ಅನ್ನೋ ಸರ್ಕಾರಿ ಸಹಾಯವಾಣಿ 14416, ಫ್ರೀ, ಹಗಲು ರಾತ್ರಿ ಇರತ್ತೆ, ಕನ್ನಡದಲ್ಲೇ ಮಾತಾಡ್ಬೋದು.

ಎಲ್ಲಾ ಸರಿ ಇದ್ದೂ ರಿಜೆಕ್ಟ್ ಆದ್ರೆ ಬಾಯ್ಮಾತಲ್ಲಿ ಒಪ್ಕೊಂಡು ಬರ್ಬೇಡಿ. ಕಾರಣ ಬರವಣಿಗೇಲಿ ದಾಖಲಿಸ್ಬೇಕು ಅಂತ ಆರ್ಮ್ಸ್ ಆಕ್ಟ್ ಸೆಕ್ಷನ್ 14ರಲ್ಲೇ ಇದೆ, ಕೇಳಿದ್ರೆ ನಿಮಗೂ ಕೊಡ್ಬೇಕು, ಸಾರ್ವಜನಿಕ ಹಿತಕ್ಕೆ ತೊಂದ್ರೆ ಅನ್ಸಿದ್ರೆ ಮಾತ್ರ ಕೊಡ್ದೇ ಇರ್ಬೋದು. ಆ ಆದೇಶ ಕೈಗೆ ಬಂದ ವಾರದಲ್ಲೇ ವಕೀಲರನ್ನ ನೋಡಿ, ಸೆಕ್ಷನ್ 18ರಲ್ಲಿ ಅಪೀಲ್ ಇದೆ. ಆದೇಶದಲ್ಲಿ ಬರೀ "ಮಾನಸಿಕ ಚಿಕಿತ್ಸೆ ಪಡೆಯುತ್ತಿದ್ದಾರೆ" ಅಂತಷ್ಟೇ ಬರೆದಿದ್ರೆ ಮೇಲೆ ಹೇಳಿದ 2017ರ ಕಾಯ್ದೆ ಸೆಕ್ಷನ್ 3 ಜೊತೆ ಡಾಕ್ಟರ್ ಪತ್ರ ಇಟ್ಟು ವಾದ ಮಾಡೋಕೆ ಜಾಗ ಇದೆ, ಅದೇ ಗಲಾಟೆ, ಕುಡಿತ ಅಂತ ಕಾರಣ ಇದ್ರೆ ಒಂದಷ್ಟು ಕಾಲ ಸುಮ್ಮನಿದ್ದು ಟ್ರೀಟ್‌ಮೆಂಟ್ ಮುಂದುವರಿಸಿ ಹೊಸದಾಗಿ ಅರ್ಜಿ ಹಾಕೋದೇ ವಾಸಿ.